ತಂಬಿಗೆಯ ಕುಲಾವಿ

ನಮ್ಮ ಮನೆಯಲ್ಲಿ ಸೀರೆಯೊಳಗೆ ಉಡುವ ಪರಕಾರಕ್ಕೆ ಲಾಡಿ ಏರಿಸಲು ಒಂದು ಸ್ಟೀಲಿನ ಕಡ್ಡಿಯಿದೆ. ಮೊನ್ನೆ ಅದು ಎಲ್ಲಿಯೂ ಸಿಗಲಿಲ್ಲ. ಅಡುಗೆಮನೆ, ದೇವರ ಕೋಣೆ, ಕಪಾಟು ಎಲ್ಲ ಜಾಲಾಡಿ ಅಂಗಳಕ್ಕೆ ಬಂದರೆ, ನಮ್ಮ ಯಜಮಾನರು ಅದರಿಂದ ಟ್ರ್ಯಾಕ್ಟರಿನ ಯಾವುದೋ ತೂತನ್ನು ಚೊಕ್ಕಟ ಮಾಡುತ್ತ ಕೂತಿದ್ದರು.

"ಅಲ್ರೀ, ಅದು ಉಲ್ಲನ್ ಹೆಣಿಯೂ ಕಡ್ಡಿ!" ಎಂದೆ.

ಅವರು ಕಡ್ಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, "ಹೌದ? ಇದರಲೇ ಹೆಣೀತಾರೇನು?" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದರು.

ನಾನು ಒಮ್ಮೆ ಹೆಣೆಯುತ್ತಿದ್ದದ್ದನ್ನು ಅವರು ಮರೆತೇಬಿಟ್ಟಿದ್ದರು. ಅವರ ತಪ್ಪೇನೂ ಇಲ್ಲ ಬಿಡಿ. ಆ ಕಡ್ಡಿ ನಮ್ಮ ಮನೆಗೆ ಬಂದ ಮೇಲೆ ಹೆಣೆದದ್ದು ಕಡಿಮೆ, ಬೇರೆ ಉದ್ಯೋಗ ಮಾಡಿದ್ದೇ ಹೆಚ್ಚು. ಇಡ್ಲಿ ಬೆಂದಿದೆಯೇ ಎಂದು ಚುಚ್ಚಿ ನೋಡುವುದು ಅದರಿಂದಲೇ. ಕುಕ್ಕರಿನ ಸೀಟಿಯಲ್ಲಿ ಬೇಳೆ ಸಿಕ್ಕಿಕೊಂಡರೆ ಬಿಡಿಸುವುದೂ ಅದರಿಂದಲೇ. ಅದರ ಜೋಡಿ ಕಡ್ಡಿ ಎಲ್ಲಿದೆಯೋ ಶಿವನೇ ಬಲ್ಲ. ಆದರೂ ಅವತ್ತು ಆ ಕಡ್ಡಿಯನ್ನು ಯಜಮಾನರ ಕೈಯಿಂದ ಕಸಿದುಕೊಂಡು, ಗ್ರೀಸು ಒರೆಸಿ, ಲಾಡಿ ಏರಿಸುವುದನ್ನು ಮರೆತು, ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಯಾಕೆಂದರೆ ಆ ಕಡ್ಡಿ ಒಮ್ಮೆ ನಿಜವಾಗಿಯೂ ಹೆಣೆದಿತ್ತು. ಏನು ಹೆಣೆಯಿತು, ಹೇಗೆ ಹೆಣೆಯಿತು ಎಂಬುದನ್ನು ನಿಮಗೆ ಹೇಳಿದರೆ ನೀವು ನಗುತ್ತೀರಿ. ನಗಿರಿ, ಅದಕ್ಕೇ ಹೇಳುವುದು.

ಮೊದಲು ನನ್ನ ವಿದ್ವತ್ತಿನ ಬಗ್ಗೆ ಎರಡು ಮಾತು. ನಾನು ಹುಟ್ಟಿದ್ದು ಮೊರಬದಲ್ಲಿ, ಕೊಟ್ಟದ್ದೂ ಮೊರಬಕ್ಕೇ. ತವರಿಗೂ ಗಂಡನ ಮನೆಗೂ ನಡುವೆ ಎರಡು ಓಣಿ, ಒಂದು ಹಿಟ್ಟಿನ ಗಿರಣಿ. ನಾನು ಇಯತ್ತೆ ನಾಲ್ಕರಲ್ಲಿದ್ದಾಗ ಶಾಲೆಯಲ್ಲಿ ಹೊಲಿಗೆಯ ತಾಸು ಶುರುವಾಯಿತು. ಅಕ್ಕೋರು "ಎಲ್ಲಾರೂ ಹೆಣಿಯೂ ಕಡ್ಡಿ ತರ್ರಿ" ಎಂದುಬಿಟ್ಟರು. ಮೊರಬದ ಎರೆಭೂಮಿಯಲ್ಲಿ ಜೋಳ ಬೆಳೆಯುತ್ತದೆ, ಕಡಲೆ ಬೆಳೆಯುತ್ತದೆ, ಮೆಣಸಿನಕಾಯಿ ಬೆಳೆಯುತ್ತದೆ. ಹೆಣೆಯುವ ಕಡ್ಡಿ ಎಲ್ಲಿಂದ ಬರಬೇಕು? ನಾವು ಹುಡುಗಿಯರು ನಮ್ಮ ನಮ್ಮ ಅಪ್ಪಂದಿರ ಸೈಕಲ್ಲಿನ ಗಾಲಿಯಿಂದ ಎರಡೆರಡು ಕಡ್ಡಿ ಬಿಚ್ಚಿಕೊಂಡೆವು. ಆ ವರ್ಷ ಊರಿನಲ್ಲಿ ಹೆಣ್ಣುಮಕ್ಕಳಿದ್ದ ಮನೆಯ ಸೈಕಲ್ಲುಗಳೆಲ್ಲ ಸ್ವಲ್ಪ ಕುಂಟುತ್ತಿದ್ದವು.

ಅಷ್ಟು ಅಪ್ಪಂದಿರನ್ನು ಕುಂಟಿಸಿ ನಾನು ಹೆಣೆದದ್ದು ಒಂದು ಕಾಲುಚೀಲ. ಒಂದು ಎಂದರೆ ಒಂದೇ. ಹಿಮ್ಮಡಿಯ ಹತ್ತಿರ ಅದನ್ನು ತಿರುಗಿಸಬೇಕಿತ್ತು. ನನಗೆ ತಿರುಗಿಸಲು ಬರಲಿಲ್ಲ, ಅದು ನೆಟ್ಟಗೆ ಹೋಯಿತು. ಹೋಗುತ್ತ ಹೋಗುತ್ತ ಹಾಗಲಕಾಯಿಯಷ್ಟು ಇದ್ದದ್ದು ಪಡವಲಕಾಯಿಯಷ್ಟಾಯಿತು. ಕಾಲಿಗೆ ಬಾರದ ಆ ಕಾಲುಚೀಲವನ್ನು ನಮ್ಮ ಅಜ್ಜ ಎತ್ತಿಕೊಂಡು ರಾತ್ರಿ ಹಿಡಿದು ಓಡಾಡುವ ತನ್ನ ಬ್ಯಾಟರಿ ಟಾರ್ಚನ್ನು ಅದರಲ್ಲಿ ಇಳಿಸಿದ. ಸರಿಯಾಗಿ ಕೂತಿತು. "ಬ್ಯಾಟರಿಗೆ ಥಂಡಿ ಹತ್ತೂದಿಲ್ಲ ನೋಡ ಇನ್ನ. ಮೊಮ್ಮಗಳ ಹೆಣದ್ಲು" ಎಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ತೋರಿಸುತ್ತಿದ್ದ. ನನ್ನ ಹೆಣಿಗೆಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಆಮೇಲೆ ಬಹಳ ವರ್ಷ ಸಿಗಲಿಲ್ಲ, ಯಾಕೆಂದರೆ ನಾನು ಹೆಣೆಯಲೇ ಇಲ್ಲ.

ಈಗ ನನ್ನ ತಮ್ಮನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಅವಳ ಹೆಸರು ಸವಿತಾ, ಕಲಘಟಗಿ ಕಡೆಯ ಮಿಶ್ರಿಕೋಟಿಯ ಹುಡುಗಿ. ನಗುಮುಖದವಳು, ಮಾತುಗಾರ್ತಿ. ಮದುವೆಯಾದ ಹೊಸದರಲ್ಲಿ ನಮ್ಮ ಅವ್ವನಂಥ ಅವ್ವನನ್ನೇ ನಗಿಸಿದವಳು. ಆದರೆ ಎರಡು ಸಲ ಬಸಿರಾಗಿ ಎರಡು ಸಲವೂ ನಡುವಿನಲ್ಲೇ ಕಳೆದುಕೊಂಡ ಮೇಲೆ ಆ ಮಾತೆಲ್ಲ ಎಲ್ಲಿಗೋ ಹೋಯಿತು. ಮೊದಲ ಸಲ ಅವಳ ತವರಿನಿಂದ ಕೂಸಿಗೆಂದು ಕುಂಚಿಗೆ, ಕುಲಾವಿ, ದುಪ್ಪಟಿ ಎಲ್ಲ ಹೊಲಿಸಿ ಮೊದಲೇ ಕಳಿಸಿದ್ದರು. ಆಮೇಲೆ ಆ ಬಟ್ಟೆಗಳನ್ನು ನಮ್ಮ ಅವ್ವ ತಾನೇ ಒಯ್ದು ಯಾರಿಗೋ ಕೊಟ್ಟು ಬಂದಳು. ಯಾರಿಗೆ ಎಂದು ಇವತ್ತಿನ ತನಕ ಹೇಳಿಲ್ಲ.

ಕೂಸು ಹುಟ್ಟುವುದಕ್ಕಿಂತ ಮುಂಚೆ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ನಾವೆಲ್ಲ ಅವಸರದವರನ್ನು ಚೇಷ್ಟೆ ಮಾಡಲು ಬಳಸುತ್ತೇವೆ. ನಮ್ಮ ಅವ್ವನಿಗೆ ಅದು ಅವತ್ತಿನಿಂದ ಗಾದೆಯಾಗಿ ಉಳಿಯಲಿಲ್ಲ, ಕಾಯ್ದೆಯಾಯಿತು. ಸವಿತಾ ಮೂರನೆಯ ಸಲ ಬಸಿರಾದಾಗ ಮನೆಯಲ್ಲಿ ಕೂಸಿನ ಹೆಸರೆತ್ತುವಂತಿಲ್ಲ, ತೊಟ್ಟಿಲ ಮಾತಿಲ್ಲ, ಒಂದು ಚೂರು ಬಟ್ಟೆ ತರುವಂತಿಲ್ಲ. ಹಾದಿಯಲ್ಲಿ ಬಸ್ಸು ಕುಣಿಸುತ್ತದೆ ಎಂದು ಡಾಕ್ಟರು ತವರಿಗೂ ಕಳಿಸಬೇಡಿ ಎಂದಿದ್ದರು. ಸವಿತಾ ಕೂಡ ಅವ್ವನಿಗಿಂತ ಒಂದು ಕೈ ಮುಂದೆ. ಡಾಕ್ಟರು "ಮುಂದಿನ ತಿಂಗಳು ಬನ್ನಿ" ಎಂದರೆ "ನೋಡೂಣ್ರಿ" ಎನ್ನುತ್ತಿದ್ದಳು. ಯುಗಾದಿಗೆ ಯಾವ ಸೀರೆ ತರೋಣ ಎಂದರೆ "ನೋಡೂಣು". ನಾಳೆ ಎಂಬ ಮಾತು ಬಂದರೆ ಸಾಕು, ಬಿಸಿ ಬೋಗುಣಿ ಮುಟ್ಟಿದವಳ ಹಾಗೆ ಕೈ ಹಿಂದೆ ತೆಗೆಯುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ, ನಾನು ಶಾಲೆ ಮುಗಿಸಿ ತವರಿಗೆ ಹೋದಾಗ (ನಾನೂ ಈಗ ಅದೇ ಶಾಲೆಯ ಅಕ್ಕೋರು), ಸವಿತಾ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಅವ್ವ ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದಳು. ಸವಿತಾ ಬೇಳೆಯಿಂದ ತಲೆ ಎತ್ತದೆ ಕೇಳಿದಳು:

"ಅಕ್ಕಾರ, ನಿಮಗ ಉಲ್ಲನ್ ಹೆಣಿಯಾಕ ಬರತೈತಲ್ರಿ?"

"ಬರದ ಏನ, ಶಾಲ್ಯಾಗ ಕಲ್ತೇನಿ" ಎಂದೆ. ಬ್ಯಾಟರಿಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

"ಒಂದ ಕುಲಾವಿ ಹೆಣೀರಿ."

ನಾನು ಹಿತ್ತಲ ಬಾಗಿಲ ಕಡೆ ನೋಡಿದೆ. ಅವಳು ಒಂದು ಹರಳು ಹೆಕ್ಕಿ ಬಾಜು ಇಟ್ಟು ಮೆಲ್ಲಗೆ ಹೇಳಿದಳು, "ಯಾರ ಕೂಸಿಗರ ಆದೀತು. ಹೆಣದ ಇಟ್ಟಿರ್ರಿ."

ಯಾರ ಕೂಸಿಗಾದರೂ!  ಅವಳ ಬಾಯಿಯಿಂದ 'ನನ್ನ ಕೂಸು' ಎಂಬ ಮಾತು ಬರುವಂತಿರಲಿಲ್ಲ, ಆದರೆ ಅವಳ ಆಸೆ ಕುಲಾವಿಯ ತನಕ ಬಂದು ನಿಂತಿತ್ತು. ಅವ್ವನ ಕಾಯ್ದೆ ಮುರಿದರೆ ಏನಾಗುತ್ತದೋ ಎಂಬ ಅಂಜಿಕೆ ನನಗೂ ಇತ್ತು. ಮಕ್ಕಳಿಗೆ ವಿಜ್ಞಾನ ಕಲಿಸುವವಳಿಗೆ ಅಂಜಿಕೆ ಇರಬಾರದು ಎಂದೇನೂ ಇಲ್ಲ. ಆದರೂ "ಆತು" ಎಂದೆ.

ಕುಲಾವಿ ಎಂದರೆ ನಿಮಗೆ ಗೊತ್ತಲ್ಲ? ಕೂಸಿನ ತಲೆ, ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಟೊಪ್ಪಿಗೆ. ಹಿಂದೆ ಬೆನ್ನಿನ ಮೇಲೆ ಇಳಿಬಿದ್ದ ಒಂದು ಬಾಲ. ತೊಟ್ಟಿಲ ದಿನ ಅದನ್ನು ತರಬೇಕಾದವಳು ಸೋದರತ್ತೆ, ಎಂದರೆ ಅಪ್ಪನ ಅಕ್ಕ ಇಲ್ಲವೇ ತಂಗಿ. ಹಾಗೆ ನೋಡಿದರೆ ಅದು ನನ್ನ ಹಕ್ಕೇ. ಜಗತ್ತಿನ ಸೋದರತ್ತೆಯರೆಲ್ಲ ಪೇಟೆಯಲ್ಲಿ ಹೊಲಿಸಿ ತರುತ್ತಾರೆ. ನಾನು ಹುಬ್ಬಳ್ಳಿಗೆ ಹೋಗಿ ಒಂದು ಜೋಡಿ ಕಡ್ಡಿ, ಒಂದು ಉಂಡೆ ಹಳದಿ ಉಲ್ಲನ್ ತಂದೆ. ಅಂಗಡಿಯವನು "ಎಷ್ಟ ತಿಂಗಳ ಕೂಸಿಗ್ರಿ?" ಎಂದು ಕೇಳಿದಾಗ ಗಾಬರಿಯಲ್ಲಿ "ನನಗ್ರಿ" ಎಂದೆ. ಅವನು ಆ ಲಿಂಬಿಹಣ್ಣಿನ ಬಣ್ಣವನ್ನೂ ನನ್ನನ್ನೂ ಒಮ್ಮೆ ನೋಡಿ ಸುಮ್ಮನೆ ಕಟ್ಟಿಕೊಟ್ಟ.

ಕಲಿಸಲು ಮೊಬೈಲಿನಲ್ಲಿ ಹಿಂದಿ ಮಾತಾಡುವ ಒಬ್ಬ ಹೆಂಗಸು ಸಿಕ್ಕಳು. "ಒಂದು ಸೀದಾ, ಒಂದು ಉಲ್ಟಾ, ಬಹಳ ಸರಳ" ಎಂದು ನಗುನಗುತ್ತ ಹೇಳುತ್ತಿದ್ದಳು. ಅವಳು ಬಹಳ ಸರಳ ಎಂದಾಗಲೆಲ್ಲ ನನ್ನ ಕಡ್ಡಿಯಿಂದ ಒಂದು ಕುಣಿಕೆ ಜಾರುತ್ತಿತ್ತು. ಜಾರಿದ್ದು ಸುಮ್ಮನಿರುತ್ತದೆಯೇ? ಸಾಲಿನಿಂದ ಸಾಲಿಗೆ ಇಳಿದು ತಳ ಮುಟ್ಟುತ್ತಿತ್ತು. ಅದನ್ನು ತಲೆಯ ಪಿನ್ನಿನಿಂದ ಹಿಡಿದು ಮೇಲೆ ಹತ್ತಿಸುವಷ್ಟರಲ್ಲಿ ಬಾಜು ಇನ್ನೊಂದು ಇಳಿದಿರುತ್ತಿತ್ತು. ಕೆಲವು ಸಲ ಕುಣಿಕೆಗಳು ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದ್ದವು. ಎಲ್ಲಿಂದ ಬಂದವೋ ಕೇಳಬೇಡಿ. ಚೌಕಾಗಬೇಕಾದದ್ದು ಮೂರು ಮೂಲೆಯಾಗಿ ನಿಂತಾಗ ನಮ್ಮ ಯಜಮಾನರು, "ಇದೇನ, ಸಮೋಸಾದ ಅಂಗಿ ಏನ?" ಎಂದು ಕೇಳಿದರು.

ತಪ್ಪು ತಿದ್ದುವುದು ನನ್ನ ಹೊಟ್ಟೆಪಾಡು. ಮಕ್ಕಳ ಬರಹದ ಮೇಲೆ ಕೆಂಪು ಶಾಯಿಯಿಂದ ಒಂದು ಗೀಟು ಎಳೆದರೆ ಮುಗಿಯಿತು. ಹೆಣಿಗೆಯಲ್ಲಿ ಹಾಗಿಲ್ಲ. ತಪ್ಪಾದ ಜಾಗ ಮುಟ್ಟುವ ತನಕ ಬಿಚ್ಚುತ್ತ ಹೋಗಬೇಕು, ನಡುವೆ ಸರಿಯಾಗಿ ಹೆಣೆದದ್ದನ್ನೂ ಬಿಚ್ಚಬೇಕು. ಅದು ನನಗೆ ಬಹಳ ಸಿಟ್ಟು ತರುತ್ತಿತ್ತು. ಆದರೆ ಸವಿತಾಗೆ ಬಿಚ್ಚುವ ಕೆಲಸವೇ ಪ್ರೀತಿ. ಸಂಜೆ ಅವ್ವ ಹಿತ್ತಲಿಗೆ ಹೋದಾಗ ನಾವು ಒಳಗಿನ ಖೋಲಿಯಲ್ಲಿ ಕೂರುತ್ತಿದ್ದೆವು. ನಾನು ಬಿಚ್ಚುತ್ತಿದ್ದೆ, ಅವಳು ಶ್ಯಾವಿಗೆಯಂತೆ ಸುರುಳಿ ಬಿದ್ದ ಎಳೆಯನ್ನು ಉಂಡೆಗೆ ಸುತ್ತುತ್ತಿದ್ದಳು. "ಹಿಂಗ ಆದ್ರ ಇದು ಮುಗಿಯೂದ್ಯಾವಾಗ ಮಾರಾಯ್ತಿ" ಎಂದು ನಾನು ಗೊಣಗಿದರೆ, "ಲಗೂ ಮುಗೀಬಾರ್ದ್ರಿ ಅಕ್ಕಾರ, ನೀವು ತಪ್ಪಿದ್ದ ಚಲೋ ಆತು" ಎನ್ನುತ್ತಿದ್ದಳು. ನನ್ನ ಅಜ್ಞಾನದಿಂದ ಒಬ್ಬರಿಗಾದರೂ ಸಮಾಧಾನ ಸಿಕ್ಕಿತಲ್ಲ ಎಂದುಕೊಂಡೆ.

ಇನ್ನು ಅಳತೆ. ಹುಟ್ಟದ ಕೂಸಿನ ತಲೆಯನ್ನು ಅಳೆಯುವುದು ಹೇಗೆ? ತೆಂಗಿನಕಾಯಿ ಹಿಡಿದು ನೋಡಿದೆವು, ಜುಟ್ಟು ಅಡ್ಡ ಬಂತು. ಕೊನೆಗೆ ಸವಿತಾಳೇ ಹಿತ್ತಾಳೆಯ ತಂಬಿಗೆ ತಂದು ಬೋರಲು ಹಾಕಿದಳು. ನೋಡಿ ಹೇಗಿದೆ: ತಂಬಿಗೆಯ ತಳ ನೆತ್ತಿಯ ಹಾಗೆ ಗುಂಡಗೆ, ಹೊಟ್ಟೆ ಗಲ್ಲದ ಹಾಗೆ ತುಂಬಿಕೊಂಡು, ಕುತ್ತಿಗೆ ಕುತ್ತಿಗೆಯ ಹಾಗೆ ಸಣ್ಣಗೆ. ಕುಲಾವಿ ಒಂದು ಆಕಾರಕ್ಕೆ ಬಂದ ಮೇಲೆ ಅದಕ್ಕೆ ತೊಡಿಸಿದೆವು. ಸವಿತಾ ಲಾಡಿಗಳನ್ನು ತಂಬಿಗೆಯ ಕುತ್ತಿಗೆಗೆ ಸುತ್ತಿ, ಮೊಣಕಾಲ ಮೇಲೆ ಇಟ್ಟುಕೊಂಡು, ಬಹಳ ಹೊತ್ತು ನೋಡಿದಳು. ನಾನು ಬೇರೆ ಕಡೆ ನೋಡಿದೆ. ಅಂದಿನಿಂದ ಕುಲಾವಿಯ ಬಿಡಾರ ತಂಬಿಗೆಯೇ ಆಯಿತು. ಖೋಲಿಯ ಗೂಡಿನಲ್ಲಿ, ಹಾಸಿಗೆಯ ಸುರುಳಿಯ ಹಿಂದೆ, ಅದು ಅಡಗಿ ಕೂತಿರುತ್ತಿತ್ತು.

ಹೋಳಿ ಮುಗಿದು ಬಿಸಿಲು ಏರುತ್ತಿದ್ದ ಒಂದು ರವಿವಾರ. ಗುಡಗೇರಿಯ ಕಾಕಿ ಬಂದಳು. ನಮ್ಮ ಅಪ್ಪನ ಚಿಕ್ಕಪ್ಪನ ಮಗನ ಹೆಂಡತಿ. ಗುಡಗೇರಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು, ದಾರಿಯುದ್ದಕ್ಕೂ ಸುದ್ದಿ ಸಂಗ್ರಹಿಸುತ್ತ ಬರುವವಳು. ಕಾಕಿಯ ಕಣ್ಣಿಗೆ ಬಿದ್ದದ್ದು ಎಂಟು ಊರಿನ ಬಾಯಿಗೆ ಬಿದ್ದ ಹಾಗೆ. ಅವಳು ಪಡಸಾಲೆಯಲ್ಲಿ ಕೂತು "ಯವ್ವಾ, ಏನ ಬಿಸಲ ಬೇ ಇದು" ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. ಅವ್ವ ಒಳಗೆ ಕೂಗಿದಳು, "ಲೇ ಗಿರಿಜಾ, ನೀರ ತಾ ಲಗೂನ!"

ಬಂದವರಿಗೆ ಮೊದಲು ನೀರು ಕೊಡದೆ ಮಾತಾಡಿಸುವ ಮನೆ ನಮ್ಮದಲ್ಲ. ನಾನು ಖೋಲಿಯಲ್ಲಿದ್ದೆ. ಅವಸರದಲ್ಲಿ ಗೂಡಿಗೆ ಕೈ ಹಾಕಿ, ಸಿಕ್ಕ ತಂಬಿಗೆ ಎತ್ತಿ, ಮಣ್ಣಿನ ಕೊಡದಲ್ಲಿ ಅದ್ದಿ, ಓಡಿ ಹೋಗಿ ಕಾಕಿಯ ಮುಂದೆ ಹಿಡಿದೆ.

ಕಾಕಿ ಕೈ ಚಾಚಲಿಲ್ಲ. ಬಾಯಿ ತೆರೆದು ನೋಡುತ್ತಿದ್ದಳು. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ತಂಬಿಗೆ ಹಳದಿ ಕುಲಾವಿ ತೊಟ್ಟುಕೊಂಡು, ಬಾಲ ಇಳಿಬಿಟ್ಟುಕೊಂಡು, ನೀರು ಸುರಿಸುತ್ತ ನನ್ನ ಕೈಯಲ್ಲಿ ಕೂತಿತ್ತು.

"ಇದೇನ ಬೇ ಇದು?" ಎಂದಳು ಕಾಕಿ.

ಖೋಲಿಯ ಬಾಗಿಲಲ್ಲಿ ಸವಿತಾ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಎರಡು ಸಲ ಆದರೂ ಇವರಿಗೆ ಬುದ್ಧಿ ಬಂದಿಲ್ಲ ಎಂದು ಕಾಕಿ ಊರೂರಿಗೆ ಹೇಳುವಳು, ಅದು ತಿರುಗಿ ಸವಿತಾಳ ಕಿವಿಗೆ ಬೀಳುವುದು. ನನಗೆ ಹೆದರಿಕೆಯಾದದ್ದು ಅದಕ್ಕೆ. ಅವ್ವನ ಬೈಗುಳ ನನಗೆ ರೂಢಿಯಿದೆ. ಅವ್ವ ತಂಬಿಗೆಯನ್ನು ನೋಡಿದಳು. ನನ್ನನ್ನು ನೋಡಿದಳು. ಬಾಗಿಲ ಕಡೆ ನೋಡಿದಳು. ಆಮೇಲೆ ಹಣೆಯ ವಿಭೂತಿ ಸಹ ಅಲುಗದಂತೆ ಹೇಳಿದಳು:

"ತಂಬಿಗಿ ಅಂಗಿ. ನೀರ ತಣ್ಣಗ ಇರತೈತಿ."

"ಹೌದ?"

"ಹೊಲಕ್ಕ ಒಯ್ಯೂ ನೀರಿಗೆ ಹಸಿ ಗೋಣಿತಟ್ಟ ಸುತ್ತೂದಿಲ್ಲೇನ? ಇದೂ ಹಂಗ. ಈಗ ಉಲ್ಲನ್ದು ಬಂದಾವ."

ಕಾಕಿ ತಂಬಿಗೆ ತೆಗೆದುಕೊಂಡು ಗಟಗಟ ಕುಡಿದಳು. ಮಣ್ಣಿನ ಕೊಡದ ನೀರು, ತಣ್ಣಗೆ ಇರದೆ ಏನು ಮಾಡುತ್ತದೆ? "ಅಗದಿ ಬರ್ಫ್ ಆಗೇತಿ ನೋಡ!" ಎಂದಳು. ಬಾಯಿ ಒರೆಸಿಕೊಂಡು ಬಾಲ ಹಿಡಿದು ನೋಡಿದಳು. "ಮತ್ತ ಇದು ಯಾಕ?"

"ಬಾಯಿ ಮುಚ್ಚಾಕ" ಎಂದು ಅವ್ವ ಬಾಲವನ್ನು ಮಡಿಚಿ ತಂಬಿಗೆಯ ಬಾಯಿಗೆ ಹೊದಿಸಿ ತೋರಿಸಿದಳು. "ಧೂಳ ಬೀಳಬಾರ್ದಲ್ಲ."

ನಮ್ಮ ಅವ್ವ ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ. ಹೇಳಿದಾಗ ಎಷ್ಟು ಸೊಗಸಾಗಿ ಹೇಳುತ್ತಾಳೆ ಎಂಬುದು ಅವತ್ತು ತಿಳಿಯಿತು. ಕಾಕಿ ಹೊರಡುವಾಗ "ನನಗೂ ಒಂದ ಹೆಣದ ಕೊಡವಾ ಗಿರಿಜಾ, ಕೆಂಪ ಬಣ್ಣದ್ದು" ಎಂದು ಹೇಳಿಯೇ ಹೋದಳು.

ಅವಳು ಹೋದ ಮೇಲೆ ಸಿಡಿಲು ಬೀಳುತ್ತದೆಂದು ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಅವ್ವ ಒದ್ದೆಯಾದ ಕುಲಾವಿಯನ್ನು ತಂಬಿಗೆಯಿಂದ ಬಿಡಿಸಿ, ಹಿಂಡಿ, ಒಳಗೂ ಹೊರಗೂ ತಿರುವಿ ನೋಡಿದಳು.

"ಗಂಟ ಹಾಕೀಯೇನ ಇದಕ್ಕ?"

"ಇಲ್ಲವ್ವಾ, ಇನ್ನೂ ಎಲ್ಲಿ ಮುಗದೈತಿ" ಎಂದೆ.

"ಹಾಕಬ್ಯಾಡ." ಅಷ್ಟೇ ಹೇಳಿ ಅದನ್ನು ಹಗ್ಗದ ಮೇಲೆ ಒಣಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಕೂಗಿ, "ಕಾಕಿಗೊಂದ ಹೆಣದ ಕೊಡು. ಇಲ್ಲಂದ್ರ ನನ್ನ ಮಾತ ಸುಳ್ಳಾಗತೈತಿ" ಎಂದಳು.

ಹೀಗೆ ಶುರುವಾಯಿತು ನನ್ನ ದಾನಧರ್ಮ. ಕಾಕಿಗೆ ಕೆಂಪು ಅಂಗಿ ಹೆಣೆದೆ, ಬಾಲ ಸಹಿತ. ಅದನ್ನು ನೋಡಿದ ಬಾಜು ಮನೆಯವಳಿಗೆ ಹಸಿರು. ಗಿರಣಿಯವನ ಹೆಂಡತಿಗೆ ಒಂದು. ನಮ್ಮ ಶಾಲೆಯ ಹಿರಿಯ ಅಕ್ಕೋರ ನೀರಿನ ಬಾಟಲಿಗೊಂದು. ಅದು ಉದ್ದ ಬಾಟಲಿ, ಅದಕ್ಕೆ ನನ್ನ ಹಳೆಯ ಕಾಲುಚೀಲದ ಅನುಭವ ಒದಗಿತು. ಮೊರಬದ ಓಣಿಯಲ್ಲಿ ತಂಬಿಗೆಗಳು ಅಂಗಿ ತೊಟ್ಟು ಕಟ್ಟೆಗೆ ಬಂದವು. ನನ್ನ ತಪ್ಪುಗಳನ್ನೆಲ್ಲ ಆ ಬಡಪಾಯಿ ತಂಬಿಗೆಗಳ ಮೇಲೆ ಮಾಡಿ ಮುಗಿಸಿದೆ. ವಾರೆಯಾದರೆ ತಂಬಿಗೆ ಅಳುವುದಿಲ್ಲ, ಬಿಗಿಯಾದರೆ ಮುಖ ಕೆಂಪಗೆ ಮಾಡಿಕೊಳ್ಳುವುದಿಲ್ಲ.

ಇದರಿಂದ ಬಹಳ ದೊಡ್ಡ ಲಾಭವೊಂದಾಯಿತು. ಈಗ ಕುಲಾವಿಯನ್ನು ಬಚ್ಚಿಡಬೇಕಾಗಿರಲಿಲ್ಲ. ಅದು ಕುಲಾವಿಯೇ ಅಲ್ಲವಲ್ಲ! ಪಡಸಾಲೆಯಲ್ಲಿ ಕೂತು ರಾಜಾರೋಷವಾಗಿ ಹೆಣೆಯುತ್ತಿದ್ದೆ, ಸವಿತಾ ಬಾಜು ಕೂತು ಉಂಡೆ ಹಿಡಿಯುತ್ತಿದ್ದಳು. ನೋಡುನೋಡುತ್ತ ಅವಳಿಗೆ ಮಾತು ಬಂತು. "ಅಕ್ಕಾರ, ತಂಬಿಗಿಗೆ ಒಂದ ಗೊಂಡೆ ಹಚ್ಚೂಣ್ರಿ", "ತಂಬಿಗಿಗೆ ಚುಚ್ಚಬಾರ್ದ್ರಿ, ಒಳಗ ಮೆತ್ತಗ ಇರ್ಲಿ" ಎನ್ನುತ್ತಿದ್ದಳು. ಅವ್ವ ಮೆಂತ್ಯೆ ಸೋಸುತ್ತ ಕೂತಲ್ಲಿಂದಲೇ ಒಮ್ಮೆ, "ಕಿವಿ ತುಂಬ ಮುಚ್ಚೂವಂಗ ಹೆಣಿ, ಗಾಳಿ ಹೊಕ್ಕೀತು" ಎಂದಳು.

"ಯವ್ವಾ, ತಂಬಿಗಿಗೆ ಎಲ್ಲಿ ಕಿವಿ?" ಎಂದೆ.

ಅವ್ವ ಮೆಂತ್ಯೆಯ ಕಟ್ಟಿನಲ್ಲಿ ಮುಖ ಹುಗಿದಳು. ಸವಿತಾ ನಕ್ಕುಬಿಟ್ಟಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ! ನನಗೆ ಎದ್ದು ಹೋಗಿ ಆ ತಂಬಿಗೆಗೆ ಕೈ ಮುಗಿಯಬೇಕೆನಿಸಿತು.

ದಿನ ತುಂಬುತ್ತ ಬಂದಾಗ ಅವ್ವನ ಹೊಸ ಕಾಯ್ದೆ ಬಂತು. ಹೆರಿಗೆ ಸಲೀಸಾಗಬೇಕಾದರೆ ಮನೆಯಲ್ಲಿ ಗಂಟು ಇರಬಾರದು. ಬೇರೆ ಮನೆಗಳಲ್ಲಿ ನೋವು ಬಂದಾಗ ಬಸುರಿಯ ಹೆರಳು ಬಿಚ್ಚುತ್ತಾರೆ, ಪೆಟ್ಟಿಗೆಯ ಬೀಗ ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಅವ್ವ ಇಡೀ ತಿಂಗಳಿಗೆ ಜಾರಿ ಮಾಡಿದಳು. ಜೋಳದ ಚೀಲಗಳ ಬಾಯಿ ಬಿಚ್ಚಿದವು, ಇಲಿಗಳಿಗೆ ಹಬ್ಬವಾಯಿತು. ಎಮ್ಮೆಯ ಹಗ್ಗದ ಗಂಟು ಬಿಚ್ಚಿದರು. ಅದು ಹಿತ್ತಲು ದಾಟಿ ಯಾರದೋ ಕಣಕಿ ಮೇಯ್ದು ಬಂದ ಮೇಲೆ ತಮ್ಮ ಕೊಂಡಿಯಿದ್ದ ಸರಪಳಿ ತಂದ. ಪರಕಾರದ ಲಾಡಿಗೆ ಮಾತ್ರ ಅವ್ವ ರಿಯಾಯಿತಿ ಕೊಟ್ಟಿದ್ದಳು, ಪುಣ್ಯಕ್ಕೆ.

ಅದೇ ಹೊತ್ತಿಗೆ ನನ್ನ ಹಳದಿ ಉಂಡೆ ಮುಗಿಯಬೇಕೇ? ಅಂಗಡಿಯಲ್ಲಿ ಅದೇ ಬಣ್ಣ ಸಿಗಲಿಲ್ಲ. ಮೊದಲನೆಯದು ಲಿಂಬಿಹಣ್ಣು, ಎರಡನೆಯದು ಅರಿಷಿಣ. ಬಣ್ಣ ಹೋಗಲಿ, ಎಳೆಗೆ ಎಳೆ ಕೂಡಿಸುವುದು ಹೇಗೆ? ಗಂಟು ಹಾಕುವಂತಿಲ್ಲ. ನಾನು ಹಳೆಯ ಎಳೆಯ ತುದಿ ಬಿಟ್ಟು, ಹೊಸ ಎಳೆಯ ತುದಿ ಹಿಡಿದು, ಶಿವಾ ಎಂದು ಹೆಣೆಯುತ್ತ ಹೋದೆ. ಅವೆರಡೂ ಒಂದನ್ನೊಂದು ಗುರುತಿಲ್ಲದ ಬೀಗರ ಹಾಗೆ ದೂರ ಸರಿದು ನಡುವೆ ಒಂದು ತೂತು ಮಾಡಿದವು. ಬಿಚ್ಚಿ ತಿದ್ದಲು ಹೋದರೆ ತೂತು ಹಿರಿದಾಯಿತು. "ಇರ್ಲಿ ಬಿಡ್ರಿ, ಗಾಳಿ ಆಡತೈತಿ" ಎಂದಳು ಸವಿತಾ.

ಯುಗಾದಿ ಕಳೆದು ತಿಂಗಳಾದ ಮೇಲೆ ಒಂದು ಮುಂಜಾನೆ ಅವಳಿಗೆ ನೋವು ಬಂತು. ತಮ್ಮನೂ ಅವ್ವನೂ ಅವಳನ್ನು ಕಾರಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ನಾನು ತವರಿನಲ್ಲಿ ಉಳಿದೆ, ಎಮ್ಮೆ ಕಾಯಬೇಕಲ್ಲ. ಮನೆ ಭಣಗುಟ್ಟಿತು. ಕುಲಾವಿ ಹಿಡಿದು ಕೂತೆ. ಕೊನೆಯ ಸಾಲು ಮುಗಿದು ಎಳೆಯ ತುದಿ ಜೋತುಬಿದ್ದಿತ್ತು, ಗಂಟು ಒಂದು ಬಾಕಿ. ಹಿಂದಿನ ಎರಡು ಸಲವೂ ಅವ್ವ ಆಸ್ಪತ್ರೆಯಿಂದ ಬಂದ ರೀತಿ ನೆನಪಾಯಿತು. ಅಡುಗೆ ಮಾಡಲಿಲ್ಲ, ಉಣ್ಣಲಿಲ್ಲ. ಸುಮ್ಮನೆ ಕುಲಾವಿಯ ತೂತಿನಲ್ಲಿ ಬೆರಳು ಹಾಕಿ ತೆಗೆದು ಮಾಡುತ್ತ ಕೂತಿದ್ದೆ.

ಮಧ್ಯಾಹ್ನ ಫೋನು ಬಂತು. ಅವ್ವ. ಹುಬ್ಬಳ್ಳಿ ದೂರ, ಕೂಗದಿದ್ದರೆ ಕೇಳುವುದಿಲ್ಲ ಎಂದು ಅವಳ ನಂಬಿಕೆ.

"ಗಂಟ ಹಾಕಲೇ!" ಎಂದು ಕೂಗಿದಳು.

"ಏನವ್ವಾ?"

"ಕುಲಾವಿಗೆ ಗಂಟ ಹಾಕು! ಹೆಣ್ಣ ಆಗೇತಿ. ಇಬ್ಬರೂ ಆರಾಮ ಅದಾರ."

ಅಷ್ಟು ದಿನ ತಂಬಿಗೆ ಅಂಗಿ ಎಂದವಳ ಬಾಯಿಯಲ್ಲಿ ಕುಲಾವಿ ಎಂಬ ಮಾತು ಬಂದದ್ದು ಅದೇ ಮೊದಲು. ನಾನು ಅತ್ತೆ, ಒಬ್ಬಳೇ ಕೂತು ಜೋರಾಗಿ ಅತ್ತೆ. ಅಳುತ್ತಲೇ ಗಂಟು ಹಾಕಿದೆ. ಒಂದು ಸಾಲದೆಂದು ಎರಡು ಹಾಕಿದೆ. ತೂತಿನ ಹತ್ತಿರದ ಎಳೆಗಳಿಗೂ ಹಾಕಿದೆ. ಎದ್ದು ಹೋಗಿ ಜೋಳದ ಚೀಲಕ್ಕೆಲ್ಲ ಗಂಟು ಬಿಗಿದೆ. ಎಮ್ಮೆಗೆ ಸರಪಳಿ ಇದ್ದರೂ ಇರಲಿ ಎಂದು ಹಗ್ಗದಿಂದ ಇನ್ನೊಂದು ಕಟ್ಟಿದೆ. ಅದು ನನ್ನ ಮುಖ ನೋಡುತ್ತ ಮೆಲುಕು ಹಾಕುತ್ತಿತ್ತು.

ತೊಟ್ಟಿಲ ದಿನ ಓಣಿಯ ಹೆಂಗಸರೆಲ್ಲ ಕೂಡಿದರು. ಗುಡಗೇರಿ ಕಾಕಿ ಹಿಂದಿನ ದಿನವೇ ಬಂದಿದ್ದಳು. ನಾನು ಕುಲಾವಿ ತೊಡಿಸಲು ಹೋದೆ. ಅಳುತ್ತ ಹಾಕಿದ ಗಂಟುಗಳು ಒಳಗೆ ಗೋಲಿಗಳ ಹಾಗೆ ಕೂತಿದ್ದವು. ಕೂಸಿಗೆ ಚುಚ್ಚಬಾರದೆಂದು ತಿರುವಿ ಒಳಗಿನದನ್ನು ಹೊರಗೆ ಮಾಡಿದೆ. ತೊಡಿಸಿದರೆ ಕುಲಾವಿ ಹಣೆ ದಾಟಿ, ಕಣ್ಣು ದಾಟಿ, ಮೂಗಿನ ತನಕ ಇಳಿಯಿತು. ಹಿತ್ತಾಳೆಯ ತಂಬಿಗೆ ಎಲ್ಲಿ, ಆ ಬೋರೆಹಣ್ಣಿನಂಥ ಮುಖವೆಲ್ಲಿ! ಮಡಿಚಿ ಹಿಂದೆ ಸರಿಸಿ, ಗದ್ದದ ಕೆಳಗೆ ಕಟ್ಟಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಿದೆ: ತೊಟ್ಟಿಲಿಗೆ ಮುತ್ತಜ್ಜಿಯ ಹೆಸರು ಈರವ್ವ, ಶಾಲೆಗೆ ಇರಾ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಯಾರು ಯಾರು ಯಾವ ಯಾವ ಹಳೆಯ ಸಿಟ್ಟು ತೀರಿಸಿಕೊಂಡರೋ, ಆ ವಾರ ನಾನು ಮಗ್ಗುಲಾಗಿಯೇ ಮಲಗಿದೆ.

ಎಲ್ಲರಿಗಿಂತ ಗಟ್ಟಿಯಾಗಿ ಗುದ್ದಿದ ಕಾಕಿ ಆಮೇಲೆ ತೊಟ್ಟಿಲಲ್ಲಿ ಬಗ್ಗಿ ನೋಡಿದಳು. 

"ಅಯ್ಯ ನನ ಶಿವನ! ಗಿರಿಜಾ, ಕೂಸಿಗೆ ತಂಬಿಗಿ ಅಂಗಿ ಹಾಕೀಯಲ್ಲ ಬೇ! ಒಂದ ಕುಲಾವಿ ತರಾಕ ಆಗ್ಲಿಲ್ಲೇನ ನಿನಗ? ಆ ಬಾಲ ಆದ್ರೂ ನೋಡಬಾರ್ದ?"

ನಾನು ಅವ್ವನ ಮುಖ ನೋಡಿದೆ. ಅವ್ವ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ನಿಂತವಳು, "ನೀರಿಗೆ ಆದದ್ದು ನೆತ್ತಿಗೆ ಆಗೂದಿಲ್ಲೇನ? ತಲಿನೂ ತಣ್ಣಗಿರತೈತಿ, ಬಾ ಊಟಕ್ಕ" ಎಂದು ಕಾಕಿಯ ಕೈ ಹಿಡಿದು ಎಳೆದುಕೊಂಡೇ ಹೋದಳು. ಕಾಕಿ ಊರಿಗೆ ಹೋಗಿ ಅದನ್ನೇ ಹೇಳಿದಳಂತೆ: ಮೊರಬದವರು ಕೂಸಿಗೆ ತಂಬಿಗೆಯ ಅಂಗಿ ಹಾಕುತ್ತಾರೆ, ಅಷ್ಟು ಜಿಪುಣರು ಎಂದು.

ಹೆಂಗಸರೆಲ್ಲ ಎಲೆಯ ಮುಂದೆ ಕೂತ ಮೇಲೆ ಖೋಲಿಯಲ್ಲಿ ನಾನು, ಸವಿತಾ, ಕೂಸು. ಕೂಸು ಕುಲಾವಿಯ ಕೆಳಗೆ ಮತ್ತೆ ಮಾಯವಾಗಿತ್ತು. ನನಗೆ ನಾಚಿಕೆಯಾಯಿತು. ಇಷ್ಟು ತಿಂಗಳು ತಿದ್ದಿ ತಿದ್ದಿ ಹೆಣೆದದ್ದು, ಕೊನೆಗೆ ಬೇರೆಯವರ ತಲೆಯ ಅಳತೆ! ಮೆಲ್ಲಗೆ ಬಿಡಿಸಿ ತೆಗೆದು, ಎಳೆಯ ತುದಿ ಹುಡುಕುತ್ತ, "ಎರಡ ದಿನ ಕೊಡು, ಎಲ್ಲಾ ಬಿಚ್ಚಿ ಸಣ್ಣದ ಮಾಡಿಕೊಡ್ತೀನಿ" ಎಂದೆ.

ಸವಿತಾ ಕುಲಾವಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ತನ್ನ ತೊಡೆಯ ಮೇಲೆ ಹರವಿ, ಬಾಲ ನೀಟಾಗಿ ಎಳೆದು, ಮಡಿಚಿದಳು.

"ಬಿಚ್ಚಬ್ಯಾಡ್ರಿ ಅಕ್ಕಾರ. ಬರೂ ವರ್ಷ ಬರೋಬ್ಬರಿ ಆಗತೈತಿ ಇಕಿಗೆ."

ಬರುವ ವರ್ಷ. ಅಡುಗೆಗೆ ಉಪ್ಪು ಸಾಕು ಎನ್ನುವಷ್ಟು ಸಹಜವಾಗಿ ಹೇಳಿದಳು, ಕೂಸಿನ ಕಡೆ ನೋಡುತ್ತಲೇ ಹೇಳಿದಳು.  ಬಾಗಿಲಲ್ಲಿ ಬಾಣಂತಿಯ ತಾಟು ಹಿಡಿದುಕೊಂಡು ಅವ್ವ ನಿಂತಿದ್ದಳು, ಅವಳಿಗೂ ಕೇಳಿಸಿತ್ತು. ನಾಳೆಯ ಮಾತಾಡಿದರೆ ಬಾಯಿ ಮುಚ್ಚಿಸುವ ಅವ್ವ ಈಗ ಏನೆನ್ನುವಳೋ ಎಂದು ನಾನು ಅವಳತ್ತ ತಿರುಗಿದೆ. ಅವ್ವ ತಾಟು ಕೆಳಗಿಟ್ಟಳು. ಸವಿತಾಳ ತೊಡೆಯ ಮೇಲಿನ ಕುಲಾವಿಯನ್ನು ಎತ್ತಿ, ಎರಡೂ ಕೈಯಿಂದ ಅಡ್ಡಕ್ಕೆ ಎಳೆದು ನೋಡಿದಳು.

"ಉಲ್ಲನ್ ಹಿಗ್ಗತೈತಿ" ಎಂದಳು. "ಎರಡ ವರ್ಷನೂ ಬರತೈತಿ ತಗೋ."